ಕಲ್ಲಿನೊಳಗಿನ ಹದಿನಾಲ್ಕು ಮಂದಿ

ಎಷ್ಟು ಉಜ್ಜಿದರೂ ಅಪ್ಪನ ಬೆರಳ ಸಂದಿಯ ಬಿಳಿ ಪುಡಿ ಹೋಗಲೊಲ್ಲದು. ಮಗಳು ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಮತ್ತೆ ಉಜ್ಜಿದಳು. ಐವತ್ತು ವರ್ಷ ಕಲ್ಲಿನ ಮೇಲೆ ಅಕ್ಷರ ಕೆತ್ತಿದ ಕೈ ಅದು.

"ಬಿಡಮ್ಮ, ಸಾಕು. ಬದುಕಿದ್ದಾಗ್ಲೇ ಹೋಗ್ಲಿಲ್ಲ, ಈಗ ಹೋಗುತ್ತಾ?" ಎಂದ ಹೊಸ ಕೋಟು ತೊಟ್ಟು ಬಾಗಿಲಿಗೆ ಒರಗಿ ನಿಂತಿದ್ದ ಚಿಕ್ಕಪ್ಪ. "ಅಣ್ಣನಿಗೆ ಆ ಕೋಟು ಹಾಕು. ಅಧ್ಯಕ್ಷರು ಬರೋ ಹೊತ್ತಾಯ್ತು."

"ಕೋಟು ಬೇಡ. ಕೆಲಸದ ಅಂಗೀನೇ ಇರ್ಲಿ."

ಅವಳು ಅಂಗಿಯ ಜೇಬಿಗೆ ಅಪ್ಪನ ಸಣ್ಣ ಉಳಿಯನ್ನು ಸೇರಿಸಿದಳು. ಸುತ್ತಿಗೆಯನ್ನು ಶವಪೆಟ್ಟಿಗೆಯಲ್ಲಿ ಅವನ ಪಕ್ಕದಲ್ಲಿಟ್ಟಳು.

"ಅಯ್ಯೋ, ಧ್ವಜ ಹೊದಿಸ್ತಾರೆ ಕಣೇ! ಅದರ ಕೆಳಗೆ ಸುತ್ತಿಗೇನಾ? ಗಾಳಿ ಬಂದಾಗ ತೂರಿಕೋಬೇಕು."

ಚಿಕ್ಕಪ್ಪನದು ಯಾವಾಗಲೂ ಹಾಗೆಯೇ. ಗಾಳಿ ಯಾವ ಕಡೆಯದು ಎಂದು ನೋಡದೆ ಆತ ಮನೆಯ ಕಿಟಕಿಯನ್ನೂ ತೆರೆದವನಲ್ಲ.

ಸ್ಮಾರಕ ಸಮಿತಿಯ ಅಧ್ಯಕ್ಷರು ಮಡಿಸಿದ ಧ್ವಜ ಹಿಡಿದು ಬಂದರು. ಯುದ್ಧ ನಡೆದಾಗ ಈ ಮಹಾಶಯರು ತೊಟ್ಟಿಲಲ್ಲಿದ್ದರು. ಆದರೆ ಅವರ ಭಾಷಣ ಕೇಳಿದವರು, ಸೇತುವೆಯ ಮೇಲಿನ ಮೊದಲ ಗುಂಡು ಇವರದೇ ಎಂದುಕೊಳ್ಳಬೇಕು.

"ಚೌಕದಲ್ಲಿ ಸ್ಮಾರಕದ ಮುಂದೆ ಮೆರವಣಿಗೆ ನಿಲ್ಲುತ್ತೆ. ನಾನು ಹತ್ತು ನಿಮಿಷ ಮಾತಾಡ್ತೀನಿ. ಸೇತುವೆ ಉಳಿಸಿದ ನಮ್ಮವರಲ್ಲಿ ಇವರೇ ಕೊನೆಯವರು."

"ನಮ್ಮವರು ಅಂದ್ರೆ?"

"ನಮ್ಮವರು ಅಂದ್ರೆ ನಮ್ಮವರು!"

ಆ ಸೇತುವೆಯನ್ನು ಉಳಿಸಿದ್ದು ಎರಡು ದೇಶದವರು, ಒಟ್ಟಿಗೆ, ಮೂರನೆಯವರ ವಿರುದ್ಧ. ಈಗ ಇಲ್ಲಿನ ಪಾಠಪುಸ್ತಕದಲ್ಲಿ ಉಳಿಸಿದ್ದು ಇಲ್ಲಿನ ಸೇನಾಪತಿ, ಗಡಿಯಾಚೆಯ ಪಾಠಪುಸ್ತಕದಲ್ಲಿ ಅಲ್ಲಿನ ಸೇನಾಪತಿ. ಇಬ್ಬರಿಗೂ ಕುದುರೆಯ ಮೇಲೆ ಕೂತ ಕಂಚಿನ ಪ್ರತಿಮೆ ಉಂಟು. ಅವತ್ತು ಇಬ್ಬರೂ ಸೇತುವೆಯ ಹತ್ತಿರ ಸುಳಿದಿರಲಿಲ್ಲ. ಕುದುರೆಯನ್ನಂತೂ ಯಾರೂ ಕಂಡೇ ಇರಲಿಲ್ಲ.

ಅಧ್ಯಕ್ಷರು ಅಂಗಳಕ್ಕೆ ಇಳಿಯುತ್ತಿದ್ದಂತೆ ಒಬ್ಬಳು ಮುದುಕಿ ಅವರನ್ನು ಸರಿಸಿಕೊಂಡೇ ಒಳಗೆ ಬಂದಳು. ಬಗಲಲ್ಲಿ ಚೀಲ, ಬಟ್ಟೆಯ ತುಂಬ ಪ್ರಯಾಣದ ಸುಕ್ಕು. ಪೆಟ್ಟಿಗೆಯ ಬಳಿ ನಿಂತು ಸತ್ತವನ ಮುಖವನ್ನೇ ದಿಟ್ಟಿಸಿದಳು.

"ನೀವು ಯಾರು, ಅಜ್ಜಿ?"

"ಗಡಿಯಾಚೆಯವಳು. ನನ್ನ ತಮ್ಮ ಆ ಸೇತುವೆ ಮೇಲೆ ಸತ್ತ. ಅಡುಗೆ ಮಾಡ್ತಿದ್ದ, ಬಂದೂಕು ಹಿಡಿಯೋಕೂ ಸರಿಯಾಗಿ ಬರ್ತಿರ್ಲಿಲ್ಲ. ಅವನ ಹೆಸರನ್ನ ನಿಮ್ಮಪ್ಪ ಕೆತ್ತಿದ್ದ. ಆಮೇಲೆ ನಿಮ್ಮಪ್ಪನೇ ಅಳಿಸಿದ. ಅಂಥವನ ಮುಖ ಹೇಗಿರುತ್ತೆ ಅಂತ ನೋಡೋಕೆ ಬಂದೆ."

ಹನ್ನೆರಡು ವರ್ಷ ಊರಿನವರೂ ಇದೇ ಮಾತನ್ನು ಅಪ್ಪನ ಬೆನ್ನ ಹಿಂದೆ ಆಡಿದ್ದರು.

"ಚೌಕದವರೆಗೆ ಬನ್ನಿ, ಅಜ್ಜಿ," ಎಂದಳು ಮಗಳು. "ಆಮೇಲೆ ಬೈಯೋದಿದ್ರೆ ನನ್ನನ್ನೂ ಸೇರಿಸಿ ಬೈಯಿರಿ."

*

ಹನ್ನೆರಡು ವರ್ಷದ ಹಿಂದೆ ಎರಡು ಸರ್ಕಾರಗಳಿಗೂ ಜಗಳ ಹತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಹಾಗೆ, ಶಿಕ್ಷೆಯಾದದ್ದು ಸತ್ತವರಿಗೆ. ಸ್ಮಾರಕದ ಕಲ್ಲಿನ ಮೇಲೆ ನಮ್ಮವರ ಇಪ್ಪತ್ತಮೂರು ಹೆಸರು ಇರಲಿ, ಅವರ ಹದಿನಾಲ್ಕು ಹೋಗಲಿ ಎಂದು ಆದೇಶ ಬಂತು.

"ಮಾಡಲ್ಲ ಅನ್ನು ಅಪ್ಪ," ಎಂದಿದ್ದಳು ಮಗಳು. ಆಗಲೇ ಅವಳು ಅಪ್ಪನ ಸರಿಸಮ ಕೆತ್ತುತ್ತಿದ್ದಳು.

"ಮಾಡಲ್ಲ ಅಂದ್ರೆ ನಾಳೆ ಯಂತ್ರ ತಂದು ಉಜ್ಜಿಸ್ತಾರೆ. ಉಜ್ಜಿದ ಕಲ್ಲು ಮತ್ತೆ ಬೆಳೆಯುತ್ತಾ?"

ಅಪ್ಪ ಸ್ಮಾರಕದ ಸುತ್ತ ಗೋಣಿತಟ್ಟಿನ ಮರೆ ಕಟ್ಟಿಸಿ, ಯಾರೂ ಒಳಗೆ ಬರಕೂಡದು, ಪುಡಿ ಕಣ್ಣಿಗೆ ಬೀಳುತ್ತೆ ಎಂದ. ಒಳಗೆ ಆ ಹದಿನಾಲ್ಕು ಹೆಸರಿನ ಒಂದೊಂದೇ ಅಕ್ಷರದ ಹಳ್ಳಕ್ಕೆ, ಸುಣ್ಣ ಕಚ್ಚಿಕೊಳ್ಳದಿರಲೆಂದು, ಮೇಣ ಸವರಿದ. ಸುಣ್ಣಕ್ಕೆ ಅದೇ ಕಲ್ಲಿನ ಪುಡಿ ಕಲಸಿ ತುಂಬಿದ. ಒಣಗಿದ ಮೇಲೆ ನಯವಾಗಿ ತಿಕ್ಕಿದ. ಅಡುಗೆಯವನ ಹೆಸರಿಗೆ ಬಂದಾಗ ಮೇಣದ ಬಟ್ಟಲು ಕೆಳಗಿಟ್ಟು ಮಗಳತ್ತ ತಿರುಗಿದ.

"ಏನು ಗೊರಕೆ ಹೊಡೀತಿದ್ದ ಗೊತ್ತಾ, ಪುಣ್ಯಾತ್ಮ! ಶತ್ರುಗಳಿಗೆ ಕೇಳುತ್ತೆ ಅಂತ ನಾನು ರಾತ್ರಿಯೆಲ್ಲ ಅವನ ಮೂಗು ಹಿಡಿದು ಕೂತಿರ್ತಿದ್ದೆ. ಕೊನೇ ದಿನ ನನ್ನನ್ನ ಬೆನ್ನ ಮೇಲೆ ಹೊತ್ಕೊಂಡು ಈಚೆ ತಂದು ಹಾಕಿ, ಪಾತ್ರೆ ಅಲ್ಲೇ ಉಳೀತು ಅಂತ ಮತ್ತೆ ಹೋದ. ಅಷ್ಟೇ."

"ಈ ಸುಣ್ಣ ತೆಗೆಯೋದು ಯಾವಾಗ?"

"ನಾನು ಹೋದ ದಿನ. ಅವತ್ತು ಊರೆಲ್ಲ ಚೌಕದಲ್ಲಿರುತ್ತೆ. ಎಲ್ಲರೂ ಕಣ್ಣಾರೆ ಕಂಡ ಮೇಲೆ ಮುಚ್ಚೋದು ಸುಲಭ ಅಲ್ಲ. ಅಲ್ಲೀವರೆಗೆ ಬೈಸ್ಕೋತೀನಿ, ಬಿಡು."

ಬೈಸಿಕೊಂಡ. ಹನ್ನೆರಡು ವರ್ಷ, ತುಟಿ ಎರಡು ಮಾಡದೆ.

*

ಚೌಕದಲ್ಲಿ ವಾದ್ಯದವರು ನುಡಿಸುವುದನ್ನು ನಿಲ್ಲಿಸಿದರು. ಹೆಗಲು ಕೊಟ್ಟವರು ತೆರೆದ ಪೆಟ್ಟಿಗೆಯನ್ನು ಸ್ಮಾರಕದ ಮೆಟ್ಟಿಲ ಮೇಲೆ ಇಳಿಸಿದರು. ಅಧ್ಯಕ್ಷರು ಧ್ವಜ ಬಿಡಿಸುವಷ್ಟರಲ್ಲಿ ಮಗಳು ಬಗ್ಗಿ, ಅಪ್ಪನ ಜೇಬಿನಿಂದ ಉಳಿಯನ್ನೂ ಪಕ್ಕದಿಂದ ಸುತ್ತಿಗೆಯನ್ನೂ ತೆಗೆದುಕೊಂಡಳು. ನೇರ ಕಲ್ಲಿನ ಬಲಭಾಗಕ್ಕೆ ಹೋದಳು. ಅಲ್ಲಿ ಏನೂ ಇರಲಿಲ್ಲ. ಅಪ್ಪ ಕಲಿಸಿದ ಹಾಗೆ ಅಂಚಿನಿಂದ ಮೂರು ಗೇಣು ಅಳೆದು ಉಳಿ ಇಟ್ಟಳು.

"ಏಯ್! ಏನಮ್ಮಾ ಅದು? ಸರ್ಕಾರದ ಕಲ್ಲು!" ಎಂದರು ಅಧ್ಯಕ್ಷರು.

ಒಂದು ಏಟು. ಏನೂ ಆಗಲಿಲ್ಲ. ಮೇಣ ಒಣಗಿ ಸುಣ್ಣ ಕಲ್ಲಿಗೇ ಕಚ್ಚಿಕೊಂಡಿದ್ದರೆ? ಜೋರಾಗಿ ಹೊಡೆದರೆ ಅಕ್ಷರದ ಅಂಚೇ ಒಡೆದು ಹೋಗುತ್ತದೆ. ಆಮೇಲೆ ಅಪ್ಪ ನಿಜಕ್ಕೂ ಅಳಿಸಿದವನೇ ಆಗುತ್ತಾನೆ.

"ನಿಲ್ಲಿಸು! ನಾಳೆಯಿಂದ ಈ ಊರಲ್ಲಿ ಒಂದು ನಾಮಫಲಕದ ಕೆಲಸವೂ ನಿನಗೆ ಸಿಗದ ಹಾಗೆ ಮಾಡ್ತೀನಿ!"

"ಮಾಡಿ. ಕಲ್ಲು ಎಲ್ಲಾ ಊರಲ್ಲೂ ಇದೆ," ಎಂದು ತಿರುಗದೆಯೇ ಹೇಳಿದಳು. ಉಳಿಯನ್ನು ಓರೆ ಮಾಡಿದಳು. ಇನ್ನೊಂದು ಏಟು, ಮೆಲ್ಲಗೆ.

ಹಳ್ಳದ ಆಕಾರದಲ್ಲೇ ಒಂದು ತುಂಡು ಸುಣ್ಣ ಕಳಚಿ ಮೆಟ್ಟಿಲ ಮೇಲೆ ಬಿತ್ತು. ಒಳಗೆ ಅಕ್ಷರ ನಿನ್ನೆ ಕೆತ್ತಿದಂತಿತ್ತು. ಎರಡನೆಯದು ಬಂತು, ಮೂರನೆಯದು ಬಂತು. ಜನ ಗುಜುಗುಜು ಎನ್ನುತ್ತ ಹತ್ತಿರ ಸರಿದರು. ಹೆಸರು ಪೂರ್ತಿಯಾದಾಗ ಮುದುಕಿ ಮುಂದೆ ಬಂದು ಅಕ್ಷರದೊಳಗೆ ಬೆರಳಿಟ್ಟಳು.

"ಇವನೇ," ಎಂದಳು. "ನಮ್ಮ ಪುಟ್ಟ."

"ಅಪ್ಪ ಅಳಿಸಿರ್ಲಿಲ್ಲ, ಅಜ್ಜಿ. ಬಚ್ಚಿಟ್ಟಿದ್ದ!" ಮಗಳ ದನಿ ಇಡೀ ಚೌಕಕ್ಕೆ ಕೇಳಿಸಿತು.

ಮುದುಕಿ ಪೆಟ್ಟಿಗೆಯತ್ತ ನೋಡಿದಳು. "ನಮ್ಮೂರ ಕಲ್ಲಲ್ಲೂ ನಿಮ್ಮವರು ಇಪ್ಪತ್ತಮೂರು ಮಂದಿ ಇದ್ರು. ಅಲ್ಲಿ ಯಂತ್ರ ತಂದು ಉಜ್ಜಿದ್ರು. ನಾನು ನೋಡ್ತಾ ನಿಂತಿದ್ದೆ. ಬಾಯಿ ಬಿಡ್ಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ನನ್ನ ಮನೆ ಬೀದಿಗೇ ಅಂಟಿಕೊಂಡಿದೆ. ಕಲ್ಲಿನ ಗೋಡೆ. ಅದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಡ. ಬಂದು ಆ ಹೆಸರುಗಳನ್ನ ಕೆತ್ತುತ್ತೀಯಾ?"

"ಬರ್ತೀನಿ."

"ಎತ್ತಿರಯ್ಯಾ ಪೆಟ್ಟಿಗೆ! ಹೊತ್ತಾಯ್ತು!" ಎಂದು ಅಧ್ಯಕ್ಷರು ಕೂಗಿದರು.

ಹೆಗಲು ಕೊಟ್ಟವರು ಅಲುಗಲಿಲ್ಲ. ಎಲ್ಲರೂ ಚಿಕ್ಕಪ್ಪನ ಮುಖ ನೋಡಿದರು, ಮನೆಗೆ ಈಗ ಹಿರಿಯ ಅವನೇ. ಚಿಕ್ಕಪ್ಪ ಅಧ್ಯಕ್ಷರನ್ನು ನೋಡಿದ, ಧ್ವಜವನ್ನು ನೋಡಿದ, ಅಣ್ಣನ ಕೈಯನ್ನು ನೋಡಿದ.

"ಇನ್ನೂ ಹದಿಮೂರು ಇವೆ," ಎಂದ. "ಅಣ್ಣ ಕಾಯ್ತಾನೆ. ಅವನಿಗೆ ಅಭ್ಯಾಸ ಇದೆ."

ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದ. ಮಗಳು ಎರಡನೆಯ ಹೆಸರಿಗೆ ಉಳಿ ಇಟ್ಟು ತಟ್ಟಿದಳು. ಚಿಕ್ಕಪ್ಪ ಕಲ್ಲಿಗೆ ಮುಖ ಒಡ್ಡಿ, ಕೆನ್ನೆ ಉಬ್ಬಿಸಿ, ಅಕ್ಷರದೊಳಗಿನ ಪುಡಿಯನ್ನು ಉಫ್ ಎಂದು ಊದಿದ. ಅದು ಹಾರಿ ಅವನ ಹುಬ್ಬಿನ ಮೇಲೆ, ಹೊಸ ಕೋಟಿನ ಮೇಲೆ ಕೂತಿತು. ಅವನು ಒರೆಸಿಕೊಳ್ಳಲಿಲ್ಲ.