ಏಳನೇ ಡ್ರಮ್ಮಿನ ವೈನನ್ನು ಯಾವಾಗ ಕುಡಿಯಬೇಕು

೧

"ಇದು ವೈನಲ್ಲ ತಮ್ಮಾ. ಮುದ್ದೆ ಪಾತ್ರೆ ನೆನೆಹಾಕಿದ ನೀರು. ವೈನ್ ಮಾಡೋಕೆ ನಾಲಿಗೆ ಇರಬೇಕು, ಬರೀ ತೋಳಿದ್ರೆ ಸಾಲದು."

ಹೀಗೆ ಶುರು ಮಾಡಲೇ? ಅವಮಾನದಿಂದ ಶುರುವಾದರೆ ನೀವು ಎದ್ದು ಹೋಗುವುದಿಲ್ಲ ಅನ್ನುವುದು ನನ್ನ ಅಂದಾಜು. (ಇನ್ನೊಬ್ಬನ ಮಾನ ಹೋಗುವುದನ್ನು ನೋಡಲು ಮನುಷ್ಯ ಬಸ್ಸು ತಪ್ಪಿಸಿಕೊಂಡಾದರೂ ನಿಲ್ಲುತ್ತಾನೆ. ನಾನು ಎಷ್ಟೋ ಸಲ ನಿಂತಿದ್ದೇನೆ.) ಆದರೆ ಇಲ್ಲಿ ಹೋದದ್ದು ನನ್ನ ಮಾನ. ಹಾಗಾಗಿ ಬೇರೆ ಥರ ಶುರು ಮಾಡಲು ನನಗೆ ಹಕ್ಕಿದೆ.

೧ (ಇನ್ನೊಂದು ಸಲ)

ಕಿರುಗಾವಲಿನ ಕೆಂಪು ನೆಲದ ಮೇಲೆ ಹೊಂಬಿಸಿಲು ಬೀಳುತ್ತಿರಲು, ದ್ರಾಕ್ಷಿ ಗೊಂಚಲುಗಳು ನಾಚಿ ತಲೆಬಾಗಿ...

ಥೂ. ಹೊಂಬಿಸಿಲು ಬೀಳುವ ಹೊತ್ತಿಗೆ ನಾನು ಯಾವತ್ತೂ ಎದ್ದಿಲ್ಲ. ದ್ರಾಕ್ಷಿ ನಾಚಿದ್ದನ್ನೂ ಕಂಡಿಲ್ಲ. ಕಂಡದ್ದು ಕಣಜ ಕಚ್ಚಿದ್ದು. ಈ ವಾಕ್ಯವನ್ನು ಹಂದಿಗೂ ಹಾಕಬೇಡಿ.

೧ (ಮೂರನೇ ಸಲ, ಇದೇ ಕೊನೆ)

ಮದ್ದೂರಿನ ಹತ್ತಿರ ಹೆದ್ದಾರಿ ಪಕ್ಕದ ಒಂದು ರೆಸಾರ್ಟು. ಹಗಲು ಹನ್ನೊಂದು ಗಂಟೆ. ಬಿಳಿ ಬಟ್ಟೆ ಹಾಸಿದ ಉದ್ದನೆಯ ಟೇಬಲ್ಲು, ಇಪ್ಪತ್ತೆರಡು ಜನ. "ಸಣ್ಣ ಉತ್ಪಾದಕರ ನ್ಯಾಚುರಲ್ ವೈನ್: ಯಾವಾಗ ಕುಡಿಯಬೇಕು, ಜೊತೆಗೆ ಏನು ತಿನ್ನಬೇಕು" ಅಂತ ಬ್ಯಾನರು. ಪಾಠ ಹೇಳಲು ಬಂದವನು ರಘುನಂದನ್. ಊರೂರು ತಿರುಗಿ ಜನಕ್ಕೆ ವೈನ್ ರುಚಿ ನೋಡುವುದನ್ನು ಕಲಿಸುವುದೇ ಅವನ ಕೆಲಸ. ಸಣ್ಣ ಗಡ್ಡ, ದೊಡ್ಡ ಮೂಗು.

("ಗಡ್ಡ ಯಾಕೆ ಅಂಟಿಸಿದೆ? ನನಗೆ ಗಡ್ಡ ಇಲ್ಲ," ಅನ್ನುತ್ತಿದ್ದಾನೆ ರಘುನಂದನ್, ಕಥೆಯ ಒಳಗಿನಿಂದ. ಇರಲಿ ಸಾರ್. ಅವತ್ತು ನಿಮ್ಮ ಕೈಯಲ್ಲಿ ಮೈಕಿತ್ತು. ಇವತ್ತು ನನ್ನ ಕೈಯಲ್ಲಿ ಪೆನ್ನಿದೆ.)

ಅವನು ನನ್ನ ವೈನನ್ನು ಮೂಸಿದ. ಒಂದು ಗುಟುಕು ಕುಡಿದು ಬಕೆಟ್ಟಿಗೆ ಉಗಿದ. ಉಗಿಯುವುದು ಆ ಕಸುಬಿನ ಪದ್ಧತಿ, ಅದಕ್ಕೆ ಬೇಜಾರಿಲ್ಲ. ಆಮೇಲೆ ಮೈಕಿನಲ್ಲೇ ಆ ಮಾತು ಹೇಳಿದ. ಇಪ್ಪತ್ತೆರಡು ಜನ ನಕ್ಕರು.

ಇಪ್ಪತ್ತಮೂರನೆಯವಳು ನಗಲಿಲ್ಲ. ಅವಳು ಚಿಕ್ಕಬೋರಮ್ಮ, ನಮ್ಮವ್ವ. ಹಾಲ್‌ನ ಮೂಲೆಯಲ್ಲಿ "ಲೈವ್ ಮುದ್ದೆ ಕೌಂಟರ್" ಅಂತ ಬೋರ್ಡು ಹಾಕಿ ಅವಳನ್ನು ನಿಲ್ಲಿಸಿದ್ದರು. ಮುದ್ದೆ ಕೋಲು ಹಿಡಿದು ಬೆವರುತ್ತಾ ನಿಂತಿದ್ದಳು. ಮುದ್ದೆ ಪಾತ್ರೆ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಕೋಲು ತಿರುವುವುದು ನಿಂತಿತು.

೨

ಓದುಗರೇ, ನಿಮಗೆ ಈಗ ಸ್ವಲ್ಪ ಹಿನ್ನೆಲೆ ಕೊಡಬೇಕಂತೆ. ಕಥೆ ಬರೆಯುವ ಕ್ರಮ ಹೇಳುವ ವಿಡಿಯೊ ಒಂದರಲ್ಲಿ ನೋಡಿದೆ.

ನಾನು ಶಿವರಾಜು. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರು ನನ್ನ ನೋಟ್‌ಬುಕ್ಕನ್ನು ಎತ್ತಿ ಹಿಡಿದು, "ಇದು ಕೋಳಿ ಕೆರೆದ ತಿಪ್ಪೆ" ಅಂತ ಇಡೀ ಕ್ಲಾಸಿಗೆ ತೋರಿಸಿದರು. ಎದ್ದು ಬಂದೆ. ಮತ್ತೆ ಹೋಗಲಿಲ್ಲ. ಆಮೇಲೆ ಗ್ಯಾರೇಜಿನಿಂದ ಎದ್ದು ಬಂದೆ, ಮಂಡ್ಯದ ಒಂದು ಹೋಟೆಲಿನಿಂದ ಎದ್ದು ಬಂದೆ, ತಂಗಿಯ ಮದುವೆಯ ಊಟದ ಪಂಕ್ತಿಯಿಂದಲೂ ಎದ್ದು ಬಂದೆ. (ಅಲ್ಲಿ ಬಡಿಸಿದ್ದು ಮೂಳೆ ಮಾತ್ರ.) ಎದ್ದು ಹೋಗುವುದರಲ್ಲಿ ನನಗಿರುವ ಅನುಭವ ಈ ತಾಲ್ಲೂಕಿನಲ್ಲಿ ಯಾರಿಗೂ ಇಲ್ಲ.

ಎದ್ದು ಬರದೇ ಉಳಿದದ್ದು ಒಂದೇ ಕಡೆ, ನಾಗಶ್ರೀ ಅಕ್ಕನ ವೈನರಿಯಲ್ಲಿ. ಅಕ್ಕ ಕೃಷಿ ಓದಿದವಳು. ಕಿರುಗಾವಲಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಅವಳದು ಮೂರೆಕರೆ ದ್ರಾಕ್ಷಿ, ಒಂದು ಶೆಡ್ಡು, ಒಂದು ಲೈಸೆನ್ಸು, ಎಂಟು ಡ್ರಮ್ಮು. ಅಂಗಡಿ ಯೀಸ್ಟ್ ಹಾಕುವುದಿಲ್ಲ, ಸಕ್ಕರೆ ಹಾಕುವುದಿಲ್ಲ, ಕೆಡದಂತೆ ಯಾವ ಪುಡಿಯನ್ನೂ ಬೆರೆಸುವುದಿಲ್ಲ. ಹಣ್ಣಿನ ಸಿಪ್ಪೆಯ ಮೇಲೆ ತಾನಾಗಿ ಇರುವ ಯೀಸ್ಟೇ ಹುದುಗಿಸಬೇಕು. ಸೋಸುವುದೂ ಇಲ್ಲ. ಮಂಡ್ಯದ ಬಾರಿನವರು ಬಾಟಲಿ ಬೆಳಕಿಗೆ ಹಿಡಿದು, "ಏನಮ್ಮ, ತಳದಲ್ಲಿ ಮಣ್ಣೈತೆ?" ಅಂತ ವಾಪಸ್ ಕಳಿಸುತ್ತಾರೆ.

ಈ ಸಲ ಅಕ್ಕ ಏಳನೇ ಡ್ರಮ್ಮನ್ನು ನನಗೇ ಬಿಟ್ಟಳು. "ನೀನೇ ಮಾಡು. ಟೇಸ್ಟಿಂಗಲ್ಲಿ ಒಪ್ಪಿಗೆಯಾದ್ರೆ ಲೇಬಲ್ ಹಾಕ್ತೀನಿ, ಕೆಳಗೆ ನಿನ್ನ ಹೆಸರು. ಇಲ್ಲಾಂದ್ರೆ ವಿನೆಗರ್‌ಗೆ ಬಿಡ್ತೀನಿ. ಬೇಜಾರು ಮಾಡ್ಕೋಬಾರದು."

ನನ್ನ ಹೆಸರು ಇದುವರೆಗೆ ಅಚ್ಚಾಗಿರುವುದು ರೇಷನ್ ಕಾರ್ಡಿನಲ್ಲಿ. ಅದರಲ್ಲೂ "ಶಿವರಾಜಿ" ಅಂತಿದೆ.

ಈಗ ನಿಮಗೆ ಗೊತ್ತಾಯಿತು. ಆ ಹಾಲ್‌ನಲ್ಲಿ ಬಕೆಟ್ಟಿಗೆ ಬಿದ್ದದ್ದು ಬರೀ ಒಂದು ಗುಟುಕಲ್ಲ.

೪

(ಮೂರನ್ನು ಹರಿದು ಹಾಕಿದೆ. ಅದರಲ್ಲಿ ನಾನು ಟೇಬಲ್ ಹತ್ತಿ ರಘುನಂದನ್‌ಗೆ ಉತ್ತರ ಕೊಡುತ್ತೇನೆ, ಜನ ಚಪ್ಪಾಳೆ ಹೊಡೆಯುತ್ತಾರೆ. ನಿಜಕ್ಕೂ ನಡೆದದ್ದೇನೆಂದರೆ ನಾನು ಟಿಶ್ಯೂ ಪೇಪರ್ ಮಡಿಸುತ್ತಾ ನಿಂತಿದ್ದೆ.)

ಗೂಡ್ಸ್ ಆಟೋದಲ್ಲಿ ವಾಪಸ್ ಬರುತ್ತಿದ್ದೆವು. ಖಾಲಿ ಪಾತ್ರೆಗಳ ನಡುವೆ ಅವ್ವ, ಅವಳ ತೊಡೆಯ ಮೇಲೆ ಕೋಲು. ನಾನು ಒಂದೇ ಸಮ ಬಯ್ಯುತ್ತಿದ್ದೆ. ರಘುನಂದನ್‌ನ ಮೂಗಿಗೆ, ಅವನ ಮೈಕಿಗೆ, ಟೂತ್‌ಪಿಕ್ಕಿಗೆ ಅನಾನಸ್ ಚುಚ್ಚಿ ವೈನ್ ಜೊತೆ ಕೊಟ್ಟ ರೆಸಾರ್ಟಿನವರಿಗೆ. ಫ್ರಿಜ್ಜಿನಿಂದ ತೆಗೆದು, ಮುಚ್ಚಳ ಬಿಚ್ಚಿದ ಕೂಡಲೇ ಸುರಿದರೆ ಇಂಥ ವೈನು ಮುಖ ಕೊಡುತ್ತದೆಯೇ? ಗಾಳಿ ಕುಡಿಯಲು ಬಿಡಬೇಡವೇ?

ಅವ್ವ ಅಂದಳು, "ಲೇ ಸಿವ್ರಾಜ. ಆವಯ್ಯ ಸುಳ್ಳೇಳ್ನಿಲ್ಲ ಕಣ್ಲಾ."

"ಏನವ್ವಾ?"

"ನಿಂಗೆ ಜ್ವರ ಬಂದಿತ್ತಲ್ಲ, ನಾಕ್ ದಿನ. ಆಗ ಡ್ರಮ್ಮು ತಿರುವ್ದೋಳು ನಾನು."

ನಿಮಗೆ ಒಂದು ಮಾತು ಹೇಳಿಬಿಡಬೇಕು. ದ್ರಾಕ್ಷಿ ಹುದುಗುವಾಗ ಸಿಪ್ಪೆಯೆಲ್ಲ ಮೇಲೆ ತೇಲಿ ದಪ್ಪ ಟೊಪ್ಪಿಗೆಯಂತೆ ಕಟ್ಟಿಕೊಳ್ಳುತ್ತದೆ. ದಿನಕ್ಕೆ ಮೂರು ಸಲ ಅದನ್ನು ಕೋಲಿನಿಂದ ಒತ್ತಿ ಮುಳುಗಿಸಬೇಕು. ಬಿಟ್ಟರೆ ಬೂಷ್ಟು. ಅದಕ್ಕೆಂದೇ ಅಕ್ಕ ಸ್ಟೀಲಿನ ಕೋಲು ತರಿಸಿದ್ದಳು.

"ಆ ಸ್ಟೀಲು ನನ್ ಕೈಗೆ ಅತ್ನಿಲ್ಲ ಕಣಪ್ಪ. ಜಾರೋದು. ಇಟ್ಟಿನ ಕೋಲ್ ತಗಂಡು ತಿರುವುಬುಟ್ಟೆ."

ಹಿಟ್ಟು ಅಂದರೆ ನಮ್ಮ ಕಡೆ ಮುದ್ದೆ. ಹಿಟ್ಟಿನ ಕೋಲು ಅಂದರೆ ಅವಳ ತೊಡೆಯ ಮೇಲಿದ್ದ ಅದೇ ಕೋಲು. ಅಜ್ಜಿಯ ಕೈಯಿಂದ ಬಂದದ್ದು.

"ತೊಳ್ದಿದ್ಯಾ?"

"ತೊಳೀದೆ ಇರ್ತೀನಾ? ಅಷ್ಟೊರ್ಸದ ಇಟ್ಟು ಒಂದ್ಸಲ ತೊಳುದ್ರೆ ಓಯ್ತದಾ?" ಅವ್ವ ಕೋಲನ್ನು ಸೆರಗಿನಿಂದ ಮುಚ್ಚಿದಳು. "ನಿನ್ ಎಸ್ರು ಬರೋದಿತ್ತು. ನಾನೇ ಕೆಡುಸ್ದೆ."

("ಅಲ್ಲಿ ನಾನು ಅತ್ತೆ ಅಂತ ಬರೀಬ್ಯಾಡ," ಅನ್ನುತ್ತಿದ್ದಾಳೆ ಅವ್ವ, ಈಗ ಇದನ್ನು ಓದಿ ಹೇಳಿದಾಗ. "ಅಳ್ನಿಲ್ಲ. ಈರುಳ್ಳಿ ಮೂಟೆ ಇತ್ತು ಪಕ್ದಲ್ಲಿ." ಬರೆಯಲಿಲ್ಲ ಕಣವ್ವಾ.)

ನನ್ನ ಅವಸ್ಥೆ ನೋಡಿ. ಮೈಲಿಗಟ್ಟಲೆ ಒಬ್ಬ ಮನುಷ್ಯನನ್ನು ಬಯ್ದಿದ್ದೇನೆ. ಆ ಮನುಷ್ಯನ ನಾಲಿಗೆ ಸರಿಯಾಗಿದೆ. ಒಂದು ಗುಟುಕಿನಲ್ಲಿ ನಮ್ಮ ಮನೆಯ ಒಲೆ ಮುಂದಕ್ಕೆ ಬಂದು ನಿಂತಿದ್ದಾನೆ. ಡ್ರಮ್ಮಿನ ಪಕ್ಕದಲ್ಲೇ ಮಲಗಿ, ದಿನಾ ರುಚಿ ನೋಡಿ, ವೈನ್ ಬಗ್ಗೆ ಭಾಷಣ ಬಿಗಿಯುತ್ತಿದ್ದ ನನ್ನ ನಾಲಿಗೆಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಹುಟ್ಟಿದಾಗಿನಿಂದ ಅದೇ ರುಚಿಯೊಳಗೆ ಇದ್ದವನಿಗೆ ಹೇಗೆ ಗೊತ್ತಾಗಬೇಕು?

(ಈ ವಾಕ್ಯ ಚೆನ್ನಾಗಿ ಬಂತು. ಎರಡು ಸಲ ಓದಿಕೊಂಡೆ. ನಾಚಿಕೆಯಾಯಿತು. ಹಾಗೇ ಬಿಟ್ಟೆ.)

೫

ನಡುವೆ ಒಂದು ಉಪಯುಕ್ತ ಮಾಹಿತಿ. ಬ್ಯಾನರಿನಲ್ಲಿ ಮಾತು ಕೊಟ್ಟ ಮೇಲೆ ಉಳಿಸಿಕೊಳ್ಳಬೇಕಲ್ಲ.

ಏಳನೇ ಡ್ರಮ್ಮಿನ ವೈನನ್ನು ಯಾವುದರ ಜೊತೆ ಕುಡಿಯಬೇಕು? ಬಸ್ಸಾರಿನ ಜೊತೆ ಸರಿ. ಸೊಪ್ಪಿನ ಒಗರಿಗೂ ಇದರ ಒಗರಿಗೂ ನೆಂಟಸ್ತನ. ನಾಟಿಕೋಳಿ ಸಾರಿಗೆ ಸರಿ, ಕಾರ ಕಮ್ಮಿ ಇದ್ದರೆ. ಬೋಟಿ ಗೊಜ್ಜಿಗೆ ಬಹಳ ಸರಿ. ಮದ್ದೂರು ವಡೆಗೆ? ವಡೆಯ ಈರುಳ್ಳಿಗೂ ವೈನಿಗೂ ಜಗಳ, ಆದರೆ ನೋಡಲು ಮಜವಾಗಿರುವ ಜಗಳ. ಅನಾನಸ್ಸಿಗೆ ಬೇಡ, ಕೈಮುಗಿಯುತ್ತೇನೆ.

ಯಾವಾಗ? ಮುಚ್ಚಳ ತೆಗೆದ ದಿನ ಮುಟ್ಟಬೇಡಿ. ಅವತ್ತು ಅದಕ್ಕೆ ಲೋಕದ ಮೇಲೆಲ್ಲ ಸಿಟ್ಟು. ಮಾರನೇ ದಿನ ಸಮಾಧಾನಕ್ಕೆ ಬರುತ್ತದೆ. (ಹೌದು, ನನ್ನ ಹಾಗೇ. ನೀವು ಹೇಳುವ ಮೊದಲೇ ನಾನು ಹೇಳಿದೆ.)

೬

ಮಾರನೇ ದಿನ ಮಧ್ಯಾಹ್ನ ರಘುನಂದನ್ ವೈನರಿಗೇ ಬಂದ. ಬಾ ಅಂದದ್ದು ಅಕ್ಕ. ತೋಟ ನೋಡಿದ, ಶೆಡ್ ನೋಡಿದ. ಎರಡನೇ ಬೆಳೆಯ ದ್ರಾಕ್ಷಿ ಒಂದನೇ ಡ್ರಮ್ಮಿನಲ್ಲಿ ಬುಸುಗುಡುತ್ತಿತ್ತು, ಅದಕ್ಕೆ ಕಿವಿಯಿಟ್ಟು ಕೇಳಿದ. ಆಮೇಲೆ ಶೆಡ್ಡಿನ ಪಕ್ಕದ ಅಡುಗೆ ಕೋಣೆಯಲ್ಲಿ ಊಟಕ್ಕೆ ಕೂತ. ಅಡುಗೆಗೆ ಬಂದಿದ್ದ ಅವ್ವ ಬಿಸಿ ಮುದ್ದೆ ಮುರಿದು ಹಾಕಿ, ಹುರುಳಿಕಾಳಿನ ಬಸ್ಸಾರು ಬಿಟ್ಟಳು. ಟೇಬಲ್ಲಿನ ಮೇಲೆ ನಿನ್ನೆ ತೆರೆದ ಅದೇ ಬಾಟಲಿ, ಮುಕ್ಕಾಲು ಹಾಗೇ ಇತ್ತು. ತೆರೆದದ್ದು ಬೇರೇನೂ ಇಲ್ಲದ್ದಕ್ಕೆ ಅಕ್ಕ ಅದನ್ನೇ ಸುರಿದಳು.

ಅವನು ಮುದ್ದೆ ನುಂಗಿದ. ವೈನ್ ಕುಡಿದ. ಉಗಿಯಲಿಲ್ಲ.

ಇನ್ನೊಂದು ತುತ್ತು. ಇನ್ನೊಂದು ಗುಟುಕು. ಲೋಟವನ್ನು ತಾನೇ ಮುಂದಕ್ಕೆ ತಳ್ಳಿದ.

"ಇದು ನಿನ್ನೆಯದೇನಾ?"

"ಅದೇ," ಅಂದಳು ಅಕ್ಕ.

"ಹೊಗೆ ಇದೆ. ಸುಟ್ಟ ಧಾನ್ಯ. ಅದರ ಹಿಂದೆ ಒಂದು ಮರ ಇದೆ, ವೈನ್ ಪೀಪಾಯಿಯ ಓಕ್ ಅಲ್ಲ." ಕಣ್ಣು ಮುಚ್ಚಿದ, ತೆರೆದ. ನನ್ನ ಕಡೆ ತಿರುಗಿದ. ಅವನು ನನ್ನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು. "ಆದರೆ ನಿಮ್ಮ ಡ್ರಮ್ಮೆಲ್ಲ ಪ್ಲಾಸ್ಟಿಕ್ಕು. ಇದಕ್ಕೆ ಯಾವ ಮರ ಮುಟ್ಟಿಸಿದೆ ತಮ್ಮಾ? ಹೇಳು. ಇದನ್ನ ನಾನು ಜನಕ್ಕೆ ಶಿಫಾರಸು ಮಾಡೋ ವೈನ್ ಲಿಸ್ಟಿಗೆ ಹಾಕ್ತೀನಿ. ಹೇಗೆ ಮಾಡಿದೆ ಅಂತ ಬರೀಬೇಕಲ್ಲ."

ಅಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಹೇಳೋ ಅಂತ. ಅವಳಿಗೆ ಕೋಲಿನ ಕಥೆ ಗೊತ್ತಿರಲಿಲ್ಲ.

ಒಲೆಯ ಹತ್ತಿರ ಅವ್ವ ಮೆಲ್ಲಗೆ ಕೋಲನ್ನು ಬೆನ್ನ ಹಿಂದೆ ಮಾಡಿಕೊಂಡಳು.

೭

ಇಲ್ಲಿ ನಾನು ಹದಿನಾಲ್ಕು ದಿನದಿಂದ ನಿಂತಿದ್ದೇನೆ, ಓದುಗರೇ. ಮುಂದಕ್ಕೆ ಹೋಗುತ್ತಿಲ್ಲ. ಇರುವ ದಾರಿಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಕೊನೆ ಅ: ನಿಜ ಹೇಳುತ್ತೇನೆ. ರಘುನಂದನ್ ಎರಡೂ ಕೈ ಮೇಲೆತ್ತಿ "ಬ್ರಿಲಿಯಂಟ್!" ಅನ್ನುತ್ತಾನೆ. ಲೇಬಲ್ಲಿನ ಮೇಲೆ ಅವ್ವನ ಚಿತ್ರ, ಕೈಯಲ್ಲಿ ಕೋಲು. ಮುಂದಿನ ಟೇಸ್ಟಿಂಗಿನಲ್ಲಿ ಅವಳನ್ನು ಮತ್ತೆ ಮೂಲೆಯಲ್ಲಿ ನಿಲ್ಲಿಸುತ್ತಾರೆ. ಈ ಸಲ ಬೋರ್ಡು ದೊಡ್ಡದು.

("ನಾನು ನಿಂತ್ಕಳಕಿಲ್ಲ," ಅನ್ನುತ್ತಾಳೆ ಅವ್ವ. "ಅವತ್ತು ನಿಂತಿದ್ದೇ ಸಾಕು. ಒಬ್ಳು ಮೊಬೈಲ್ ಇಡ್ಕಂಡು, ಆಂಟಿ ಇನ್ನೊಂದಪ ತಿರುವಿ, ಇನ್ನೊಂದಪ ತಿರುವಿ ಅಂತಿದ್ಲು. ಇಟ್ಟು ಗಂಟಾಯ್ತು.")

ಕೊನೆ ಆ: ಸುಳ್ಳು ಹೇಳುತ್ತೇನೆ. ಹಲಸಿನ ಮರದ ಚಕ್ಕೆ ಹಾಕಿದೆ ಅನ್ನುತ್ತೇನೆ. ನನ್ನ ಹೆಸರು ಅಚ್ಚಾಗುತ್ತದೆ. ಅವ್ವನಿಗೆ ಮಾತ್ರ ಒಂದು ವಿಷಯ ಗ್ಯಾರಂಟಿಯಾಗುತ್ತದೆ: ತನ್ನ ಕೋಲು ಮುಚ್ಚಿಡಬೇಕಾದ ವಸ್ತು.

ಕೊನೆ ಇ: ನಿನ್ನೆ ನೀನಂದದ್ದು ನೆನಪಿದೆಯೇನಲಾ ಅಂತ ಶುರು ಮಾಡಿ ಬಯ್ಯುತ್ತೇನೆ. ಬಯ್ಗುಳ ಮೂರು ಪುಟ ತಯಾರಿತ್ತು. ಓದಿ ನೋಡಿದರೆ, ಎಲ್ಲ ಮಾತೂ ಒಂಬತ್ತನೇ ಕ್ಲಾಸಿನ ಮೇಷ್ಟ್ರಿಗೆ ಬರೆದಂತಿತ್ತು.

("ನಾನು ಅಷ್ಟು ಕೆಟ್ಟವನಲ್ಲಪ್ಪ," ಅನ್ನುತ್ತಾನೆ ರಘುನಂದನ್. "ನಿಜವಾಗಲೂ ರುಚಿಯಾಗಿತ್ತು. ಅದಕ್ಕೇ ಕೇಳಿದೆ." ಗೊತ್ತು ಸಾರ್. ಅದೇ ಕಷ್ಟವಾಗಿರುವುದು. ನೀವು ಕೆಟ್ಟವರಾಗಿದ್ದರೆ ಈ ಕಥೆ ಮೂರನೇ ಭಾಗದಲ್ಲೇ ಮುಗಿಯುತ್ತಿತ್ತು. ಗಡ್ಡ ತೆಗೆದಿದ್ದೇನೆ, ನೋಡಿಕೊಳ್ಳಿ.)

ಇನ್ನೊಂದು ತಮಾಷೆ ಇದೆ. ಆ ಕೋಲು ಯಾವ ಮರದ್ದು ಅಂತ ನನಗೂ ಗೊತ್ತಿಲ್ಲ. ಅದರಲ್ಲಿ ತಿರುವಿದ ಮುದ್ದೆ ತಿಂದು ಇಷ್ಟೆತ್ತರ ಬೆಳೆದಿದ್ದೇನೆ, ಒಂದು ದಿನ ಕೇಳಿಲ್ಲ.

೮

ಒಂದನೇ ಡ್ರಮ್ಮಿಗೆ ಮಧ್ಯಾಹ್ನದ ಒತ್ತುವ ಹೊತ್ತಾಗಿತ್ತು. ಸಿಪ್ಪೆ ಮೇಲೆದ್ದು ಬಿರುಕು ಬಿಡುವ ಸದ್ದು ಊಟದ ಜಾಗಕ್ಕೇ ಕೇಳುತ್ತಿತ್ತು. ಅದಕ್ಕೆ ಯಾರ ಲಿಸ್ಟಿನ ಪರಿವೆಯೂ ಇಲ್ಲ.

ಎದ್ದೆ. ತಟ್ಟೆ ತೊಳೆದಿಟ್ಟೆ.

"ಶಿವರಾಜು, ಸರ್ ಕೇಳ್ತಿದಾರೆ," ಅಂದಳು ಅಕ್ಕ.

"ಯಾವ ಮರ ತಮ್ಮಾ?" ಅಂದ ರಘುನಂದನ್ ಮತ್ತೆ. ಈ ಸಲ ದನಿಯಲ್ಲಿ ಮೈಕಿರಲಿಲ್ಲ.

ಬಾಗಿಲ ಪಕ್ಕ, ಮೊಳೆಗೆ ಸ್ಟೀಲಿನ ಕೋಲು ನೇತಾಡುತ್ತಿತ್ತು. ಅದನ್ನು ದಾಟಿ ಒಲೆಯ ಹತ್ತಿರ ಹೋದೆ. ಅವ್ವನ ಮುಂದೆ ಕೈ ಚಾಚಿದೆ.

"ಬ್ಯಾಡ ಕಣ್ಲಾ," ಅಂದಳು ಪಿಸುದನಿಯಲ್ಲಿ. "ಅವ್ರು ನೋಡ್ತಾವ್ರೆ."

ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ.

ಅವಳು ಕೋಲನ್ನು ಮುಂದೆ ತಂದಳು. ಅದರ ತುದಿಯ ಹಸಿ ಹಿಟ್ಟನ್ನು ಬೆರಳಿನಿಂದ ಬಳಿದು ತೆಗೆದಳು, ಬೋಗುಣಿಯ ನೀರಿನಲ್ಲಿ ಅದ್ದಿ ತೊಳೆದಳು, ಒಂದು ಸಲವಲ್ಲ, ಮೂರು ಸಲ. ಕೊಟ್ಟಳು. ಹಿಡಿಯ ಕಡೆ ಇನ್ನೂ ಬೆಚ್ಚಗಿತ್ತು.

ಶೆಡ್ಡಿನ ಕಡೆ ಹೊರಟೆ. ಹಿಂದಿನಿಂದ ರಘುನಂದನ್ ಏನೋ ಕೇಳಿದ. ಅಕ್ಕ ನನ್ನ ಹೆಸರು ಹಿಡಿದು ಕೂಗಿದಳು. ಅವರು ನನ್ನ ಕೈಯಲ್ಲಿದ್ದದ್ದನ್ನು ನೋಡಿದರೋ, ನೋಡಿದ್ದರೆ ಅರ್ಥವಾಯಿತೋ ಗೊತ್ತಿಲ್ಲ, ನಾನು ತಿರುಗಲಿಲ್ಲ.

ಈಗ ನೀವೂ ಎದ್ದು ನಿಂತು ಕೇಳುತ್ತಿದ್ದೀರಿ. ಲೇಬಲ್ ಬಂತಾ? ವಿನೆಗರ್ ಆಯಿತಾ? ಆ ಡ್ರಮ್ಮಿನದು ಒಂದು ಬಾಟಲಿ ಎಲ್ಲಾದರೂ ಸಿಗುತ್ತದಾ? ಕೇಳಿಸುತ್ತಿದೆ.

ಕೋಲನ್ನು ಹೆಗಲಿಗೆ ಹಾಕಿಕೊಂಡು ನಡೆಯುತ್ತಿದ್ದೇನೆ. ಸಿಪ್ಪೆ ಮೇಲೆದ್ದಿದೆ.