ಗೆರೆ ದಾಟದ ಗಂಟು

ಬಟ್ಟೆಯ ಮಡಿಕೆಯಲ್ಲಿ ಅಡಗಿದ ಗುಂಡುಸೂಜಿಯೂ ಟೈಲರಮ್ಮನ ಕೈಗೆ ಸಿಗದೆ ಹೋಗುವುದಿಲ್ಲ. ಇನ್ನು ಹತ್ತು ವರ್ಷದ ನಾಯಿ ಪುಟ್ಟಕ್ಕನ ಹೊಟ್ಟೆ ಸವರುವಾಗ ಮೊಲೆಯ ಪಕ್ಕದ ಬಟಾಣಿಯಷ್ಟು ಗಂಟು ಸಿಗದಿರುತ್ತದೆಯೇ? ಸಿಕ್ಕಿದ್ದೇ ಅವಳು ಗಂಡನನ್ನು ಕೂಗಿ ಕರೆದಳು.

"ಡಾಕ್ಟ್ರಿಗೆ ತೋರಿಸೋಣ ಕಣೇ," ಎಂದ ಗಂಡ.

"ಸುಮ್ನಿರಿ, ದೊಡ್ಡದಾದ್ರೆ ನೋಡೋಣ."

ಆಸ್ಪತ್ರೆಯಲ್ಲಿ ಏನು ಹೇಳಿಬಿಡುತ್ತಾರೋ ಎಂದು ಅವಳಿಗೆ ಪುಕಪುಕ. ಬಟ್ಟೆಗೆ ಗುರುತು ಹಾಕುವ ಚಾಕ್ ತಂದು ಗಂಟಿನ ಸುತ್ತ ಗೆರೆ ಎಳೆದಳು. ಗಂಟು ಗೆರೆ ದಾಟಿದರೆ ಮಾತ್ರ ಡಾಕ್ಟರು ಎಂದು ತೀರ್ಮಾನವಾಯಿತು. ಪುಟ್ಟಕ್ಕ ನೆಕ್ಕಿ ಅಳಿಸುತ್ತಿದ್ದಳು, ಇವಳು ಸೋಮವಾರಕ್ಕೊಮ್ಮೆ ಹೊಸದಾಗಿ ಎಳೆಯುತ್ತಿದ್ದಳು. ಆರು ವಾರವೂ "ದಾಟಿಲ್ಲ" ಎಂದೇ ಗಂಡನಿಗೆ ವರದಿ.

ಏಳನೇ ವಾರ ಗಂಡ ನಾಯಿಯನ್ನೆತ್ತಿಕೊಂಡು ಹೊರಟೇಬಿಟ್ಟ. ಇವಳೂ ಹಿಂದೆಯೇ ಓಡಿದಳು.

"ಅಲ್ಲಮ್ಮಾ," ಕಥೆ ಕೇಳಿದ ಡಾಕ್ಟರಿಗೆ ನಗು ತಡೆಯಲಾಗಲಿಲ್ಲ, "ಪ್ರತಿ ಸಲ ಗಂಟಿನ ಸುತ್ತಾನೇ ಗೆರೆ ಎಳೆದ್ರೆ ಅದು ಹೇಗೆ ದಾಟುತ್ತೆ? ದ್ರಾಕ್ಷಿಯಷ್ಟಾಗಿದೆ ನೋಡಿ!"

ಟೈಲರಮ್ಮ ಇಂಗು ತಿಂದ ಮಂಗನಂತಾದಳು. ಎಕ್ಸ್‌ರೇ ತೆಗೆದರು.

"ಕ್ಯಾನ್ಸರೇ ಆಗಿದ್ರೂ ಪುಣ್ಯಕ್ಕೆ ಶ್ವಾಸಕೋಶಕ್ಕೆ ಹರಡಿದ ಹಾಗೆ ಕಾಣ್ತಿಲ್ಲ. ಗಂಟು ತೆಗೀತೀನಿ, ಜೊತೆಗೆ ಸಂತಾನಹರಣದ ಆಪರೇಷನ್ನೂ ಮಾಡ್ತೀನಿ. ಅದನ್ನ ಮೊದಲನೇ ಬೆದೆಗೆ ಮುಂಚೆ ಮಾಡಿಸಿದ್ದಿದ್ರೆ ಈ ಗಂಟು ಬರೋದೇ ಅಪರೂಪ."

"ಸ್ವಲ್ಪ ಚಿಕ್ಕದಾಗಿ ಕತ್ತರಿಸಿ ಡಾಕ್ಟ್ರೇ."

"ನೀವು ಅಂಚು ಬಿಟ್ಟು ತಾನೇ ಬಟ್ಟೆ ಕತ್ತರಿಸೋದು? ನಾನೂ ಅಷ್ಟೇ, ಸುತ್ತ ಅಂಚು ಸೇರಿಸಿ ತೆಗೀಬೇಕು. ಆ ಅಂಚಲ್ಲಿ ರೋಗ ಇಲ್ಲ ಅಂತ ಲ್ಯಾಬಿನವರು ಹೇಳಿದ್ರೆ ಗೆದ್ದ ಹಾಗೆ."

ಆಪರೇಷನ್ ಆಯಿತು. ಹೊಲಿಗೆ ನೆಕ್ಕದಿರಲೆಂದು ಟೈಲರಮ್ಮ ಹೊಲಿದುಕೊಟ್ಟ ಹೂವಿನ ಅಂಗಿ ತೊಟ್ಟು ಪುಟ್ಟಕ್ಕ ಮೂರೇ ದಿನಕ್ಕೆ ತಟ್ಟೆ ನೆಕ್ಕತೊಡಗಿದಳು. ಊಟ ಸೇರದೆ ಹೋದದ್ದು ಟೈಲರಮ್ಮನಿಗೆ. ಲ್ಯಾಬಿನ ಉತ್ತರ ಕಾಯುತ್ತಾ ಒಂದು ಷರ್ಟಿಗೆ ಎರಡೂ ಎಡತೋಳು ಕೂರಿಸಿಬಿಟ್ಟಳು.

ಹನ್ನೊಂದನೇ ದಿನ ಫೋನ್ ಬಂತು. ಸಿಡುಕಿಗೇ ಹೆಸರಾದ ಹೆಡ್‌ಮಿಸ್ಟ್ರೆಸ್ ಅಳತೆ ಕೊಡಲು ಎರಡೂ ಕೈ ಚಾಚಿ ನಿಂತಿದ್ದರು.

"ಕ್ಯಾನ್ಸರೇ ಆಗಿತ್ತಮ್ಮಾ," ಎಂದರು ಡಾಕ್ಟರು. "ಆದ್ರೆ ಅಂಚೆಲ್ಲ ಶುದ್ಧವಾಗಿದೆ, ಗಂಟು ಪೂರ್ತಿ ಹೊರಗೆ ಬಂದಿದೆ. ತಿಂಗಳಿಗೊಂದ್ಸಲ ಸವರಿ ನೋಡ್ತಿರಿ. ಗಂಟು ಸಿಕ್ಕಿದ್ರೆ ಅವತ್ತೇ ಬನ್ನಿ."

ಟೈಲರಮ್ಮ ಫೋನ್ ಕೆಳಗಿಟ್ಟಳು. ಚಾಚಿದ ಕೈಗಳು ಎದುರಿಗೇ ಇದ್ದವು. ನೇರ ಅವುಗಳೊಳಗೆ ಹೋಗಿ ಗೋಳೋ ಎಂದು ಅತ್ತಳು. ಹೆಡ್‌ಮಿಸ್ಟ್ರೆಸ್ ತಬ್ಬಿಬ್ಬಾದರು, ಆದರೂ ಅವಳನ್ನು ಅಪ್ಪಿಕೊಂಡರು.

"ಅಯ್ಯೋ, ಏನಾಯ್ತಮ್ಮಾ?"

"ಏನೂ ಆಗಿಲ್ಲ ಮೇಡಂ," ಎಂದು ಬಿಕ್ಕಿದಳು ಟೈಲರಮ್ಮ. "ನಮ್ಮ ಪುಟ್ಟಕ್ಕಂಗೆ ಏನೂ ಆಗಿಲ್ಲ!"