ಅವಳ ಎದುರಿಗೇ ಹೇಳಬೇಕಾದ್ದು

ಬೆಡ್‌ಶೀಟ್ ಹಿಂಡುವುದಕ್ಕೆ ಇಬ್ಬರು ಬೇಕು. ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ನಮ್ಮ ಯಜಮಾನರ ಕೈಯಲ್ಲಿ. ನಾನು ತಿರುಗಿಸಿದ ಕಡೆಗೇ ಅವರೂ ತಿರುಗಿಸುತ್ತಾರೆ. ಎಷ್ಟು ವರ್ಷ ಹೇಳಿದರೂ ಅಷ್ಟೇ. ನೀರು ಇಳಿಯುವುದಿಲ್ಲ, ಇಬ್ಬರೂ ಸುಮ್ಮನೆ ಹಗ್ಗ ತಿರುವುವವರ ಹಾಗೆ ನಿಂತಿರುತ್ತೇವೆ.

"ಆ ಕಡೆ ರೀ, ಆ ಕಡೆ," ಎನ್ನುತ್ತಿದ್ದೆ. ಅಡುಗೆಮನೆಯಲ್ಲಿ ಫೋನ್ ಹೊಡೆದುಕೊಂಡಿತು. ಅವರು ತಮ್ಮ ತುದಿ ಬಿಟ್ಟೇ ಬಿಟ್ಟರು. ಒಗೆದ ಬಟ್ಟೆ ನೆಲಕ್ಕೆ ಬಿತ್ತು. ನಾನು ಬೈಯಲಿಲ್ಲ. ಅಷ್ಟು ಬೆಳಿಗ್ಗೆ ನಮಗೆ ಫೋನ್ ಮಾಡುವವಳು ಒಬ್ಬಳೇ, ಮಗಳ ಮನೆಯ ಅಕ್ಕ.

ಮಗಳ ಮನೆ ಎಂದರೆ ಗಂಡನ ಮನೆಯಲ್ಲ. ಇಲ್ಲದ ದನಿಗಳು ಕಿವಿಗೆ ಬೀಳುವ ಕಾಯಿಲೆ ಅವಳದು. ಅಂಥ ಕಾಯಿಲೆಯವರು ಆಸ್ಪತ್ರೆಯಲ್ಲೂ ಅಲ್ಲದೆ, ಒಂಟಿಯಾಗಿಯೂ ಅಲ್ಲದೆ ಬದುಕಲಿ ಎಂದು ಒಂದು ಸಂಸ್ಥೆ ನಡೆಸುವ ಮನೆ. ಕೆಲವು ಹೆಂಗಸರು, ತಲೆಗೊಂದು ಕೋಣೆ, ಎಲ್ಲರಿಗೂ ಸೇರಿ ಒಂದು ಅಡುಗೆಮನೆ. ಕೋಣೆಯ ಬೀಗದಕೈ ಅವರವರ ಹತ್ತಿರವೇ ಇರುತ್ತದೆ. ಅವರನ್ನು ನೋಡಿಕೊಳ್ಳಲು ಸಂಸ್ಥೆ ಇಟ್ಟವಳನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ಅವಳು ಬೆಳಿಗ್ಗೆ ಬಾಗಿಲು ತಟ್ಟುತ್ತಾಳೆ, ಒಳಗಿನಿಂದ ದನಿ ಬರುವವರೆಗೆ ಕಾಯುತ್ತಾಳೆ. ಮಾತ್ರೆ ನುಂಗುವಾಗ ಎದುರಿಗೆ ನಿಂತು ಬೇರೇನೋ ಹರಟುತ್ತಾಳೆ. ಗ್ಯಾಸ್ ಆರಿದೆಯೇ ನೋಡುತ್ತಾಳೆ. ದನಿಗಳು ಹೆಚ್ಚಾದ ದಿನ ಏನೂ ಮಾತಾಡದೆ ಪಕ್ಕದಲ್ಲಿ ಕೂತು ತರಕಾರಿ ಹೆಚ್ಚುತ್ತಾಳೆ. ಇಷ್ಟೇ. ಈ ಇಷ್ಟರಿಂದಲೇ ನನ್ನ ಮಗಳು ತಲೆ ಬಾಚಿಕೊಂಡು, ಹೊತ್ತಿಗೆ ಸರಿಯಾಗಿ ಉಂಡು, ಗಿಡಕ್ಕೆ ನೀರು ಹಾಕುವ ಮನುಷ್ಯಳಾಗಿ ಉಳಿದಿದ್ದಾಳೆ.

"ಅಮ್ಮಾ, ಕೂತಿದ್ದೀರಾ?" ಎಂದಳು ಅಕ್ಕ.

"ನಿಂತಿದೀನಿ, ಹೇಳಮ್ಮ."

"ಕೂತ್ಕೊಳ್ಳಿ ಮೊದ್ಲು."

ಸ್ಟೂಲ್ ಎಳೆದುಕೊಂಡು ಕೂತೆ. ವರ್ಷಕ್ಕೊಮ್ಮೆ ಸಂಸ್ಥೆಯ ಕಚೇರಿಯಿಂದ ಒಬ್ಬ ಮೇಡಂ ಬಂದು, ಯಾರಿಗೆ ಇನ್ನೂ ಆ ಮನೆಯ ಆಸರೆ ಬೇಕು, ಯಾರು ಹೊರಗೆ ಹೋಗಿ ತಾವೇ ಬದುಕಬಲ್ಲರು ಎಂದು ನೋಡಿ ಹೋಗುತ್ತಾರೆ. ಈ ಸಲ ನನ್ನ ಮಗಳಿಗೆ ಆಸರೆ ಬೇಕಿಲ್ಲ ಎಂದು ತೀರ್ಮಾನವಾಗಿತ್ತು. ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಬೇಕು.

"ಅದು ಹೇಗಮ್ಮ?" ಎಂದೆ. ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು.

"ಅವತ್ತು ನಾನು ರಜಾದಲ್ಲಿದ್ದೆ. ಬದಲಿಗೆ ಬಂದಿದ್ದ ಹುಡುಗಿಗೆ ಏನೂ ಗೊತ್ತಿಲ್ಲ. ಮೇಡಂ ಬರ್ತಾರೆ ಅಂತ ನಿಮ್ಮ ಮಗಳು ಬೆಳಿಗ್ಗೇನೇ ಎದ್ದು ಸ್ನಾನ ಮಾಡಿ, ಕೋಣೆ ಗುಡಿಸಿ, ಹಾಸಿಗೆ ಬದಲಾಯಿಸಿ, ಟೀ ಮಾಡಿಟ್ಟಿದ್ಲಂತೆ. ನಿದ್ದೆ ಬರತ್ತಾ? ಬರತ್ತೆ ಮೇಡಂ. ಅಡುಗೆ? ಮಾಡ್ಕೋತೀನಿ ಮೇಡಂ. ದನಿಗಳು? ಈಗೇನಿಲ್ಲ ಮೇಡಂ, ನೀವು ಇನ್ನೊಂದು ಬಿಸ್ಕತ್ತು ತಗೊಳ್ಳಿ."

ಇದು ಯಾರು ಕಲಿಸಿದ ಪಾಠವೆಂದು ಅಕ್ಕನಿಗೂ ಗೊತ್ತು. ಮನೆಗೆ ಬಂದವರನ್ನು ನಗುಮುಖದಿಂದ ಕೂರಿಸಬೇಕು, ಅವರ ಮುಂದೆ ನಮ್ಮ ಗೋಳು ತೋಡಿಕೊಳ್ಳಬಾರದು. ಅವಳಿಗೆ ಜ್ವರ ಬಂದಾಗಲೂ ಬಂದವರಿಗೆ "ಚೆನ್ನಾಗಿದ್ದೀನಿ" ಎನ್ನುವ ಹಾಗೆ ಬೆಳೆಸಿದ್ದೆ. ಊರುಗೋಲು ಹಿಡಿದು ನಡೆಯುತ್ತಿದ್ದವಳನ್ನು ನೋಡಿ, ನಡೆಯುತ್ತಾಳಲ್ಲ, ಇನ್ನು ಕೋಲು ಯಾಕೆ ಎಂದ ಹಾಗಾಯಿತು.

"ಮತ್ತೊಂದು ಸಲ ನೋಡಿ ಅಂತ ಕೇಳಿದೀನಿ. ಒಪ್ಪಿದಾರೆ," ಎಂದಳು ಅಕ್ಕ. "ಆದ್ರೆ ಈ ಸಲ ನೀವು ಬಂದು ಮಾತಾಡ್ಬೇಕು. ಒಳ್ಳೆ ದಿನ ಬೇಡ ಅಮ್ಮ. ಅವಳ ಕೆಟ್ಟ ದಿನ ಹೇಗಿರತ್ತೆ ಅಂತ ಹೇಳ್ಬೇಕು, ಎಲ್ಲಾ."

"ಅವಳು ತನ್ನ ಕೋಣೆಯಲ್ಲಿರ್ತಾಳಾ ಆಗ?"

"ಇಲ್ಲ, ಅವಳೂ ನಮ್ಜೊತೇನೇ ಕೂತಿರ್ತಾಳೆ. ನಮ್ಮನೇಲಿ ಯಾರ ಬಗ್ಗೆ ಮಾತಾಡಿದ್ರೂ ಅವರ ಎದುರಿಗೇ. ಬೆನ್ನ ಹಿಂದೆ ಮಾತಿಲ್ಲ. ನಿಮಗೇ ಇಷ್ಟವಾಗಿತ್ತಲ್ಲ ಆ ಪದ್ಧತಿ, ಸೇರಿಸೋವಾಗ."

ಹೌದು, ಇಷ್ಟವಾಗಿತ್ತು. ಮಗಳನ್ನು ಮನುಷ್ಯಳೆಂದು ಕಂಡ ಮೊದಲ ಜಾಗವಾಗಿತ್ತು ಅದು.

ಫೋನ್ ಇಟ್ಟು ಬಂದಾಗ ಯಜಮಾನರು ಬೆಡ್‌ಶೀಟನ್ನು ಎತ್ತಿ ಮತ್ತೆ ಬಕೆಟ್ಟಿಗೆ ಹಾಕಿ ಜಾಲಿಸುತ್ತಿದ್ದರು. ವಿಷಯ ಹೇಳಿದೆ.

"ಇಲ್ಲಿಗೇ ಕರ್ಕೊಂಡು ಬಂದ್ರಾಯ್ತಪ್ಪ," ಎಂದರು. ಹೇಳಿದ ಮೇಲೆ ತಾವೇ ತಲೆ ತಗ್ಗಿಸಿಕೊಂಡರು.

ಇಲ್ಲಿದ್ದಾಗಲೇ ಅವಳಿಗೆ ಹೆಚ್ಚಾಗಿದ್ದು. ಗೋಡೆಯಾಚೆಯ ಮನೆಯವರು ತನ್ನ ಬಗ್ಗೆ ಮಾತಾಡುತ್ತಾರೆ ಎನ್ನುತ್ತಿದ್ದಳು. ಅದಕ್ಕಿಂತ ಮೇಲೆ ಒಂದಿತ್ತು, ಅದನ್ನು ನಾವಿಬ್ಬರೂ ಬಾಯಿಬಿಟ್ಟು ಆಡಿದ್ದಿಲ್ಲ. ಮಗಳು ಹೆತ್ತವರ ಮನೆಯಿಂದ ದೂರವಿದ್ದರೇ ನೆಟ್ಟಗಿರುತ್ತಾಳೆ ಎಂಬುದನ್ನು ಯಾವ ತಾಯಿ ಯಾರ ಹತ್ತಿರ ಹೇಳಿಕೊಳ್ಳುತ್ತಾಳೆ?

"ಸುಳ್ಳೇನೂ ಹೇಳ್ಬೇಕಾಗಿಲ್ವಲ್ಲ," ಎಂದರು ಅವರು. "ಇದ್ದದ್ದು ಇದ್ದ ಹಾಗೆ ಹೇಳು."

"ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ."

"ಒದೆಸ್ಕೊಳ್ಳೋದು ನಮಗೇನು ಹೊಸದಾ," ಎಂದು ಬಟ್ಟೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು.

ಮೇಡಂ ಬರುವ ದಿನ ಒಬ್ಬಳೇ ಹೋದೆ. ಯಜಮಾನರು ಬಸ್ ನಿಲ್ದಾಣದವರೆಗೆ ಬಂದು, ಒಳಗೆ ಬರಲು ತಮ್ಮ ಕೈಯಲ್ಲಾಗದು ಎಂದು ವಾಪಸು ಹೋದರು.

ಆ ಮನೆಯ ಮುಂದಿನ ಕೋಣೆಯಲ್ಲಿ ಒಂದು ಉದ್ದ ಸೋಫಾ, ಬಣ್ಣ ಬಣ್ಣದ ಪ್ಲಾಸ್ಟಿಕ್ ಕುರ್ಚಿಗಳು. ಬಾಗಿಲ ಹತ್ತಿರ ಅಲ್ಲಿನ ಇನ್ನೊಬ್ಬ ಹೆಂಗಸು ನಿಂತಿದ್ದಳು. ಬಾಯಿ ಮುಚ್ಚುವುದೇ ಇಲ್ಲವಾದ್ದರಿಂದ ಅವಳನ್ನು ಎಲ್ಲರೂ ರೇಡಿಯೋ ಎನ್ನುತ್ತಾರೆ, ಅವಳಿಗೂ ಆ ಹೆಸರು ಇಷ್ಟ. ಮಗಳು ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು, ಹಾಗಾಗಿ ಅಲ್ಲಿ ಅವಳು ಟೀಚರಮ್ಮ.

"ಬನ್ನಿ ಅಮ್ಮ, ಬನ್ನಿ. ಇವತ್ತು ಟೀಚರಮ್ಮಂಗೆ ಪರೀಕ್ಷೆ," ಎಂದಳು ರೇಡಿಯೋ. "ಫೇಲಾದ್ರೆ ಪಾಸಂತೆ. ಇಂಥ ಶಾಲೆ ನಾನು ಎಲ್ಲೂ ನೋಡಿಲ್ಲ."

"ನಾನು ಯಾವತ್ತೂ ಫೇಲಾಗಿಲ್ಲ," ಎಂದಳು ಮಗಳು ಒಳಗಿನಿಂದ.

"ಅದೇ ಕಣೇ ನಿನ್ ರೋಗ."

ಮಗಳು ಟ್ರೇ ಹಿಡಿದು ಬಂದಳು. ಇಸ್ತ್ರಿ ಮಾಡಿದ ಬಟ್ಟೆ, ಬಿಗಿಯಾಗಿ ಹೆಣೆದ ಜಡೆ. ಇವತ್ತೂ ಹಾಗೆಯೇ ಸಿಂಗರಿಸಿಕೊಂಡು ನಿಂತಿದ್ದಳು. ಆದರೆ ಜಡೆ ಕೆದರಿಕೋ, ಬಟ್ಟೆ ಕೊಳೆ ಮಾಡಿಕೋ ಎಂದು ಯಾವ ಬಾಯಲ್ಲಿ ಹೇಳಲಿ?

ಮೇಡಂ ಚಿಕ್ಕ ವಯಸ್ಸಿನವರು, ಮುಖದಲ್ಲಿ ದಣಿವು. ಒರಟು ಮನುಷ್ಯರಾಗಿದ್ದರೆ ನನಗೆ ಸುಲಭವಾಗುತ್ತಿತ್ತೇನೋ. "ನನಗೇನೂ ಇವರನ್ನ ಕಳಿಸೋ ಆಸೆ ಇಲ್ಲಮ್ಮ," ಎಂದರು. "ಒಂದು ಕೋಣೆಗೆ ಎಷ್ಟೋ ಜನ ಕಾಯ್ತಾ ಇದಾರೆ. ಅವರ ತಾಯಂದಿರೂ ನಿಮ್ಮ ಹಾಗೇ ನನಗೆ ಫೋನ್ ಮಾಡ್ತಾರೆ. ಹೇಳಿ, ಈ ಮನೆಗೆ ಬರೋ ಮುಂಚೆ ಹೇಗಿತ್ತು?"

ಅಕ್ಕ ನನ್ನತ್ತ ನೋಡಿ ಮೆಲ್ಲಗೆ ತಲೆಯಾಡಿಸಿದಳು. ಮಗಳು ನನ್ನ ಪಕ್ಕದಲ್ಲೇ ಕೂತಿದ್ದಳು. ಅವಳ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು.

ಮಾತ್ರೆ ಬಿಟ್ಟುಬಿಡುತ್ತಿದ್ದಳು ಎಂದು ಶುರು ಮಾಡಿದೆ. ಮೂರು ಸಲ ಆಸ್ಪತ್ರೆಗೆ ಸೇರಿಸಿದ್ದನ್ನು ಹೇಳಿದೆ. ಒಂದು ಬುಧವಾರ ಮನೆಯಿಂದ ಹೊರಟವಳು ಸಿಗದೆ ಹುಡುಕಾಡಿದ್ದು, ಕೊನೆಗೆ ತಾನು ಪಾಠ ಹೇಳುತ್ತಿದ್ದ ಶಾಲೆಯ ಗೇಟಿನ ಹತ್ತಿರ ಬರಿಗಾಲಲ್ಲಿ ನಿಂತಿದ್ದು ಹೇಳಿದೆ.

"ಮಂಗಳವಾರ ಅಮ್ಮ," ಎಂದಳು ಮಗಳು. "ಬುಧವಾರ ಅಲ್ಲ. ಬುಧವಾರ ನಂಗೆ ಮೊದಲನೇ ಪೀರಿಯಡ್ ಇರ್ತಿರ್ಲಿಲ್ಲ."

"ಮಂಗಳವಾರ," ಎಂದು ತಿದ್ದಿಕೊಂಡೆ. ರೇಡಿಯೋ ಬಾಗಿಲಲ್ಲಿ ಕಿಸಕ್ಕನೆ ನಕ್ಕಳು. ಮೇಡಂ ಕೂಡ ಸ್ವಲ್ಪ ನಕ್ಕರು, ಆ ನಗುವಿನಲ್ಲಿ ನನಗೆ ಕೋಣೆ ಕೈ ಜಾರುತ್ತಿರುವುದು ಕಂಡಿತು. ಇಷ್ಟು ನೆಟ್ಟಗೆ ತಾರೀಖು ವಾರ ನೆನಪಿರುವವಳಿಗೆ ಆಸರೆ ಯಾಕೆ ಎಂದು ಯಾರಿಗಾದರೂ ಅನಿಸುತ್ತದೆ.

"ಈಗ ಚೆನ್ನಾಗೇ ಕಾಣ್ತಾರಲ್ಲಮ್ಮ," ಎಂದರು ಮೇಡಂ. "ಮನೆಗೇ ಕರ್ಕೊಂಡು ಹೋಗೋದು, ಮೇಲ್ವಿಚಾರಣೆ ನೀವೇ ನೋಡ್ಕೊಳ್ಳೋದು, ಆಗಲ್ವಾ?"

ಆಗ ಆಡಬಾರದ್ದನ್ನು ಆಡಿದೆ.

"ನಾನು ಊಟದಲ್ಲಿ ವಿಷ ಹಾಕ್ತೀನಿ ಅಂತ ಅವಳಿಗೆ ಅನ್ನಿಸಿತ್ತು," ಎಂದೆ. "ಒಂದು ಚಳಿಗಾಲ ಪೂರ್ತಿ ನನ್ನ ಕೈಯಡುಗೆ ಮುಟ್ಟಲಿಲ್ಲ. ಅಂಗಡಿಯಿಂದ ತಾನೇ ತಂದು, ತಾನೇ ಒಡೆದ ಪ್ಯಾಕೆಟ್ಟಿನ ಬ್ರೆಡ್ಡು ಅಷ್ಟೇ. ಮೂಳೆ ಚಕ್ಕಳವಾಗಿದ್ಲು. ನಾನು ತಟ್ಟೆ ಹಿಡಿದು ಬಾಗಿಲ ಹೊರಗೆ ನಿಂತಿರ್ತಿದ್ದೆ, ಅವಳು ಒಳಗಿನಿಂದ ಮೇಜು ಅಡ್ಡ ಇಟ್ಕೊಂಡಿರ್ತಿದ್ಲು. ಒಂದಿನ ಅದೇ ತಟ್ಟೆಯಿಂದ ನಾನು ಮೊದಲು ತಿಂದು ತೋರಿಸಿದೆ. ವಿಷ ಏರದ ಹಾಗೆ ಮೊದಲೇ ಔಷಧಿ ತಗೊಂಡು ಬಂದಿದೀಯ ಅಂದ್ಲು. ಇನ್ನೊಂದಿನ ನನ್ನ ತಳ್ಳಿದಾಗ ಕೈ ಮುರೀತು. ಬಾತ್‌ರೂಮಲ್ಲಿ ಜಾರಿಬಿದ್ದೆ ಅಂತ ಎಲ್ಲರಿಗೂ ಹೇಳಿದೆ."

ನನ್ನ ಮೊಣಕೈಗೆ ತಾಗಿದ್ದ ಅವಳ ಮೊಣಕೈ ಈಗ ಅಲ್ಲಿರಲಿಲ್ಲ.

ಕೈ ಮುರಿದದ್ದು ತನ್ನಿಂದ ಎಂದು ಅವಳಿಗೂ ಗೊತ್ತಿರಲಿಲ್ಲ; ಆ ದಿನಗಳಲ್ಲಿ ತಳ್ಳಿದ್ದೂ ಅವಳ ನೆನಪಿನಲ್ಲಿ ಉಳಿದಿರಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡಿದ್ದೆ. ಪ್ಲಾಸ್ಟರ್ ಹಾಕಿದ ಕೈಯಲ್ಲೇ ಅವಳ ಜಡೆ ಹಾಕಿದ್ದೆ, ಅವಳು ಆಗ "ನೋಡ್ಕೊಂಡು ಓಡಾಡಮ್ಮ, ನೆಲ ಒದ್ದೆ ಇರತ್ತೆ" ಎಂದಿದ್ದಳು.

ರೇಡಿಯೋ ಬಾಗಿಲಿನಿಂದ ಸರಿದು ಹೋದಳು. ಅವಳು ಸದ್ದಿಲ್ಲದೆ ಹೋದದ್ದನ್ನು ನಾನು ಅವತ್ತೇ ಮೊದಲ ಸಲ ಕಂಡದ್ದು.

ಮೇಡಂ ಮಗಳ ಕಡೆ ತಿರುಗಿ, "ಹೌದಾ?" ಎಂದು ಮೃದುವಾಗಿ ಕೇಳಿದರು.

"ಅಮ್ಮ ಸುಳ್ಳು ಹೇಳಲ್ಲ," ಎಂದಳು ಅವಳು. ಟ್ರೇಯನ್ನು ಮೇಡಂ ಕಡೆಗೆ ಸರಿಸಿ, "ಟೀ ಆರಿ ಹೋಗತ್ತೆ, ತಗೊಳ್ಳಿ," ಎಂದಳು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ.

"ಇನ್ನೊಂದು ಪ್ರಶ್ನೆ," ಎಂದರು ಮೇಡಂ. "ಇವರೇ ಹೋದ ಸಲ ನನಗೆ ಹೇಳಿದ್ರು, ಮುಂದಿನ ವರ್ಷ ಮತ್ತೆ ಶಾಲೆಗೆ ಹೋಗಿ ಪಾಠ ಮಾಡ್ತೀನಿ ಅಂತ. ನಿಮಗೆ ಹಾಗನ್ನಿಸುತ್ತಾ? ಸುಧಾರಿಸೋ ಹಾಗಿದ್ರೆ ಇನ್ನು ಆರು ತಿಂಗಳು ಕೊಡಿಸಬಹುದು. ಆಮೇಲೆ ಖಾಲಿ ಮಾಡ್ಬೇಕು. ಇಲ್ಲಾಂದ್ರೆ ಇವರಿಗೆ ಈ ಆಸರೆ ಕಾಯಂ ಬೇಕು ಅಂತ ಬರೀಬೇಕಾಗತ್ತೆ."

ಮುಂದಿನ ವರ್ಷ. ಈ ಮಾತನ್ನು ಅವಳು ಪ್ರತಿ ವರ್ಷ ಆಡುತ್ತಾಳೆ. ಭೇಟಿಗೆ ಹೋದಾಗಲೆಲ್ಲ "ಮುಂದಿನ ವರ್ಷಕ್ಕೆ ಹುಷಾರಾಗಿರ್ತೀನಲ್ಲಮ್ಮ, ಆಗ..." ಎಂದು ಶುರು ಮಾಡುತ್ತಾಳೆ. "ಹೂಂ, ಹೋಗುವಿಯಂತೆ," ಎನ್ನುತ್ತೇನೆ ನಾನು, ಅವಳ ಬಟ್ಟೆ ಮಡಿಸುತ್ತಾ. ಮಡಿಸುವ ಬಟ್ಟೆ ಕೈಯಲ್ಲಿದ್ದರೆ ಮುಖ ಎತ್ತಬೇಕಾಗಿಲ್ಲ.

ಈಗ ಕೈಯಲ್ಲಿ ಏನೂ ಇರಲಿಲ್ಲ. ಆರು ತಿಂಗಳಾದ ಮೇಲೆ ಎಲ್ಲಿ? ಅಕ್ಕ ಬಾಗಿಲು ತಟ್ಟದ ಯಾವುದೋ ಬಾಡಿಗೆ ಕೋಣೆ. ಒಂದು ದಿನ ಮಾತ್ರೆ ತಪ್ಪುತ್ತದೆ, ಮರುದಿನ ಮೇಜು ಬಾಗಿಲಿಗೆ ಅಡ್ಡ ಬರುತ್ತದೆ. ತಟ್ಟೆ ಹಿಡಿದು ನಿಲ್ಲಲು ನಾನೆಷ್ಟು ದಿನ ಇರುತ್ತೇನೆ?

"ಇಲ್ಲ," ಎಂದೆ.

"ಅಂದ್ರೆ?"

"ಅವಳು ಮತ್ತೆ ಶಾಲೆಗೆ ಹೋಗೋದಿಲ್ಲ. ಒಬ್ಬಳೇ ಇರೋ ಹಾಗೂ ಆಗೋದಿಲ್ಲ. ವಾಸಿಯಾಗೋ ಕಾಯಿಲೆ ಅಲ್ಲ ಅದು."

ಮೇಡಂ ಬರೆದುಕೊಂಡರು. ಎದ್ದು ಹೋಗುವಾಗ ನನ್ನ ಭುಜದ ಮೇಲೆ ಕೈಯಿಟ್ಟು, "ಕೋಣೆ ಉಳಿಯತ್ತೆ ಅನ್ನಿಸತ್ತೆ," ಎಂದರು. ಗೇಟಿನವರೆಗೆ ಕಳಿಸಿಬರಲು ಅಕ್ಕ ಅವರ ಹಿಂದೆ ಹೋದಳು. ಕೋಣೆ ಉಳಿಯಿತು ಎಂದು ನನಗೆ ಸಂತೋಷವಾಗಬೇಕಿತ್ತು. ಯಾರದೋ ಮನೆಯಲ್ಲಿ ಕೋಣೆಗಾಗಿ ಕಾಯುತ್ತಿರುವ ಯಾವುದೋ ತಾಯಿ ಇವತ್ತು ಸಂಜೆ ಮತ್ತೆ "ಇಲ್ಲ" ಎಂಬ ಮಾತು ಕೇಳುತ್ತಾಳೆ ಎಂಬುದೂ ತಲೆಯಲ್ಲಿ ಸುಳಿದು ಹೋಯಿತು. ಎರಡೂ ನನ್ನನ್ನು ಮುಟ್ಟಲಿಲ್ಲ.

ಮಗಳು ಲೋಟಗಳನ್ನು ಟ್ರೇಯಲ್ಲಿ ಜೋಡಿಸಿಕೊಂಡು ಅಡುಗೆಮನೆಗೆ ಹೋದಳು. ನಾನೂ ಹಿಂದೆಯೇ ಹೋದೆ. ಅವಳು ತೊಳೆದು ಕೊಟ್ಟಳು, ನಾನು ಒರೆಸಿದೆ. ಸಿಂಕಿನ ಮೇಲಿನ ಕಿಟಕಿಯಲ್ಲಿ ಪಕ್ಕದ ಕಟ್ಟಡದ ಗೋಡೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಅವಳು ಆ ಗೋಡೆಯನ್ನೇ ನೋಡುತ್ತಿದ್ದಳು. ಒಂದೇ ಲೋಟವನ್ನು ಮತ್ತೆ ಮತ್ತೆ ತೊಳೆಯುತ್ತಿದ್ದಳು.

"ಕೊಡಮ್ಮ ಅದನ್ನ, ತೊಳೆದಾಗಿದೆ," ಎಂದೆ.

ಕೊಡಲಿಲ್ಲ. ನಲ್ಲಿ ನಿಲ್ಲಿಸಿದಳು. ನನ್ನ ಎಡಗೈಯನ್ನು, ಮುರಿದು ಕೂಡಿಕೊಂಡ ಕೈಯನ್ನು, ಒದ್ದೆ ಬೆರಳುಗಳಿಂದ ಒಮ್ಮೆ ಮುಟ್ಟಿ ಬಿಟ್ಟಳು. ಕ್ಷಮೆ ಕೇಳುತ್ತಾಳೆ ಎಂದುಕೊಂಡು, ಬೇಡ ಎನ್ನಲು ಬಾಯಿ ತೆರೆದೆ. ಅವಳಿಗೆ ಬೇಕಾದದ್ದು ಅದಲ್ಲ.

"ವಾಸಿಯಾಗೋ ಕಾಯಿಲೆ ಅಲ್ಲ ಅಂದ್ಯಲ್ಲಮ್ಮ," ಎಂದಳು. ತರಗತಿಯಲ್ಲಿ ಉತ್ತರಕ್ಕೆ ಕಾಯುವವಳ ಹಾಗೆ ನೇರವಾಗಿ ನನ್ನ ಮುಖವನ್ನೇ ನೋಡಿದಳು. "ಅದು ಕೋಣೆ ಉಳಿಸೋಕೆ ಹೇಳಿದ್ದಾ, ಇಲ್ಲಾ ನಿಂಗೆ ಮೊದಲಿಂದ್ಲೂ ಗೊತ್ತಿತ್ತಾ?"